ಕೆಲಸದ ಮಿತಿ, ಯಂತ್ರದ ಮಿತಿ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತೋಟದ ಮಾಲೀಕರು, ಸಣ್ಣ ಗುತ್ತಿಗೆದಾರರು, ಡಿಪ್ಲೊಮಾ ಮುಗಿಸಿ ಪಂಪು-ಡ್ರೈಯರ್ ಪ್ಯಾನೆಲ್ ಕೆಲಸಕ್ಕೆ ಇಳಿದ ಹುಡುಗರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಕಟ್ಟಡದ ಕೆಲಸಕ್ಕೂ ಕಾಫಿ ಡ್ರೈಯರ್‌ಗೂ ಏನು ಸಂಬಂಧ ಅಂತ ಅನ್ನಿಸಬಹುದು. ನಾನು ನೋಡಿದ ಮಟ್ಟಿಗೆ ಎರಡೂ ಕೆಡುವುದು ಒಂದೇ ಕಾರಣಕ್ಕೆ. ಮಿತಿ ಇರುವುದು ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಅದನ್ನು ಪ್ಲಾನ್‌ನಲ್ಲಿ ಯಾರೂ ಬರೆದಿರುವುದಿಲ್ಲ, ಕಂಟ್ರೋಲರ್‌ಗೂ ಯಾರೂ ತಿಳಿಸಿರುವುದಿಲ್ಲ.

ಮಿತಿಗೂ ತೊಂದರೆಗೂ ಏನು ವ್ಯತ್ಯಾಸ?

ತೊಂದರೆ ಬಂದು ಹೋಗುವಂಥದ್ದು. ಜೆಸಿಬಿ ಕೆಟ್ಟಿತು, ಮೇಸ್ತ್ರಿಗೆ ಜ್ವರ ಬಂತು, ಇವೆಲ್ಲ ತೊಂದರೆಗಳು. ಮಿತಿ ನೀವು ಕೆಲಸ ಶುರು ಮಾಡುವ ಮೊದಲೇ ಅಲ್ಲಿರುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುವುದು ಮಿತಿ. ಕೆರೆಯಲ್ಲಿ ಇರುವಷ್ಟೇ ನೀರು ಇರುವುದು ಮಿತಿ. ಮೋಟಾರ್ ಇಷ್ಟೇ ಆಂಪಿಯರ್ ತಡೆಯುವುದು ಮಿತಿ. ತೊಂದರೆ ಬಂದಾಗ ಪರಿಹಾರ ಹುಡುಕಬಹುದು. ಮಿತಿಯನ್ನು ಮಾತ್ರ ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಮಯ, ದುಡ್ಡು, ಕೆಲಸದ ವ್ಯಾಪ್ತಿ. ಪ್ರಾಜೆಕ್ಟ್‌ಗೆ ಈ ಮೂರೇ ಮಿತಿ ಅಲ್ವಾ?

ಪಾಠದಲ್ಲಿ ಹೇಳಿಕೊಡುವುದು ಈ ಮೂರನ್ನೇ, ಅದು ಸರಿಯೂ ಹೌದು. ಒಂದನ್ನು ಎಳೆದರೆ ಉಳಿದ ಎರಡು ಕದಲುತ್ತವೆ. ಹೋಂಸ್ಟೇಗೆ ನಾಲ್ಕು ಕೋಣೆ ಅಂದುಕೊಂಡು ಶುರು ಮಾಡಿ ನಡುವೆ ಆರು ಮಾಡಿದರೆ ದುಡ್ಡೋ ದಿನವೋ ಜಾಸ್ತಿ ಬೇಕೇ ಬೇಕು.

ಆದರೆ ಕೊಡಗಿನಲ್ಲಿ ಕೆಲಸವನ್ನು ನಿಜವಾಗಿ ಹಿಡಿದು ನಿಲ್ಲಿಸುವುದು ಬಹಳ ಸಲ ಬೇರೆಯದೇ ಆಗಿರುತ್ತದೆ. ಮೊದಲನೆಯದು ಕಾಗದಪತ್ರ. ಜಮ್ಮಾ ಬಾಣೆ (ತಲೆಮಾರುಗಳಿಂದ ಕುಟುಂಬದ ಹಿಡುವಳಿಯಲ್ಲಿರುವ) ಜಾಗವಾದರೆ ಪಹಣಿಯಲ್ಲಿ ಕುಟುಂಬದ ಹಲವರ ಹೆಸರು ಇರುತ್ತದೆ. ಬ್ಯಾಂಕ್ ಸಾಲಕ್ಕೆ ಅವರೆಲ್ಲರ ಸಹಿ ಕೇಳಿದರೆ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಸೈನ್ಯದಲ್ಲಿ ಇರುತ್ತಾರೆ. ಅವರು ರಜೆಗೆ ಬರುವ ತನಕ ಕಾಯಬೇಕು. ಭೂ ಪರಿವರ್ತನೆ, ಮರ ಕಡಿಯುವ ಅನುಮತಿ ಇವೆಲ್ಲ ನಿಮ್ಮ ಕೈಯಲ್ಲಿಲ್ಲ. ಎರಡನೆಯದು ರಸ್ತೆ. ಮಳೆ ಜೋರಾದ ವರ್ಷಗಳಲ್ಲಿ ಜಿಲ್ಲಾಡಳಿತ ಭಾರೀ ವಾಹನಗಳ ಓಡಾಟ ನಿಲ್ಲಿಸುತ್ತದೆ. ಆಗ ಕಬ್ಬಿಣ, ಜಲ್ಲಿ ಬರುವುದಿಲ್ಲ. ಮೂರನೆಯದು ಆಳು. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ. ಸಿದ್ದಾಪುರದ ಕಡೆ ಆನೆ ಓಡಾಡುವ ತೋಟಗಳಲ್ಲಿ ಕತ್ತಲಾಗುವ ಮುಂಚೆ ಕೆಲಸದವರನ್ನು ಮನೆಗೆ ಕಳಿಸಲೇಬೇಕು. ಹಾಗಾಗಿ ದಿನದ ಕೆಲಸದ ಗಂಟೆಗಳೂ ಒಂದು ಮಿತಿಯೇ.

ಎಲ್ಲ ಮಿತಿಗೂ ಒಂದೇ ಬೆಲೆ ಕೊಡಬೇಕಾ?

ಬೇಡ. ಕೆಲವು ಮಿತಿಗಳನ್ನು ಮುರಿಯುವ ಹಾಗೇ ಇಲ್ಲ. ಅಣೆಕಟ್ಟಿನ ಗರಿಷ್ಠ ಮಟ್ಟ, ಬಾಯ್ಲರ್‌ನ ಒತ್ತಡ, ಕಡಿದಾದ ಬರೆಯ (ಮಣ್ಣಿನ ಇಳಿಜಾರಿನ) ಪಕ್ಕದಲ್ಲಿ ಮಣ್ಣು ತೆಗೆಯಬಹುದಾದ ಆಳ ಇಂಥವು. ಇವು ಕಠಿಣ ಮಿತಿಗಳು. ಇನ್ನು ಕೆಲವನ್ನು ಬೆಲೆ ತೆತ್ತು ದಾಟಬಹುದು. ಬಜೆಟ್ ಸ್ವಲ್ಪ ಮೀರಬಹುದು, ಗೃಹಪ್ರವೇಶ ಎರಡು ವಾರ ಮುಂದೆ ಹೋಗಬಹುದು. ಇವು ಸಡಿಲ ಮಿತಿಗಳು.

ಇಲ್ಲಿ ಆಗುವ ದೊಡ್ಡ ಅನಾಹುತ ಒಂದಿದೆ. ಸಡಿಲ ಮಿತಿಯನ್ನು ಉಳಿಸಲು ಹೋಗಿ ಕಠಿಣ ಮಿತಿಯನ್ನು ಮುರಿಯುತ್ತಾರೆ. ಗೃಹಪ್ರವೇಶದ ಮುಹೂರ್ತ ತಪ್ಪಬಾರದು ಅಂತ ಬರೆಗೆ ತಡೆಗೋಡೆ ಕಟ್ಟುವ ಮೊದಲೇ ಮನೆ ಏಳಿಸುವುದು ಇದಕ್ಕೆ ಉದಾಹರಣೆ. ಮುಹೂರ್ತ ಇನ್ನೊಂದು ಸಿಗುತ್ತದೆ.

ಇಷ್ಟು ಮಿತಿಗಳಲ್ಲಿ ನಿಜವಾಗಿ ಕಟ್ಟಿಹಾಕಿರುವುದು ಯಾವುದು ಅಂತ ಹೇಗೆ ತಿಳಿಯುವುದು?

ಇದು ಈ ಪುಟದ ಅತಿ ಮುಖ್ಯ ಪ್ರಶ್ನೆ. ಕಾಫಿ ಸಂಸ್ಕರಣೆಯನ್ನೇ ತೆಗೆದುಕೊಳ್ಳಿ. ಅರೇಬಿಕಾ ಕೊಯ್ಲು ಜೋರಾಗಿರುವಾಗ ಹಣ್ಣು ಉಳಿದುಬಿಡುತ್ತಿದೆ, ದೊಡ್ಡ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ತರಬೇಕು ಅಂತ ಬಹಳ ಜನ ಕೇಳುತ್ತಾರೆ. ನಾನು ಮೊದಲು ಕೇಳುವುದು ಒಣಗಿಸುವ ಕಣ ಎಷ್ಟು ದೊಡ್ಡದು ಅಂತ.

ಲೆಕ್ಕ ಸುಲಭ. ನಿಮ್ಮ ಕಣದಲ್ಲಿ ಒಂದು ಸಲಕ್ಕೆ 4 ಟನ್ ಹಸಿ ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ತೊಳೆದ ಬೀಜ) ಹರಡಬಹುದು ಅಂದುಕೊಳ್ಳೋಣ. ಒಣಗಲು 8 ದಿನ ಬೇಕು. ಹಾಗಾದರೆ ದಿನಕ್ಕೆ ಕಣ ಒಳಗೆ ತೆಗೆದುಕೊಳ್ಳುವುದು ಅರ್ಧ ಟನ್ ಮಾತ್ರ. ಪಲ್ಪರ್ ಎಷ್ಟೇ ದೊಡ್ಡದಿರಲಿ, ಅರ್ಧ ಟನ್‌ಗಿಂತ ಜಾಸ್ತಿ ಬಂದರೆ ಅದು ಒದ್ದೆಯಾಗಿ ರಾಶಿ ಬಿದ್ದು ಹುಳಿ ವಾಸನೆ ಹಿಡಿಯುತ್ತದೆ. ಮೋಡ ಕವಿದು 8 ದಿನ 12 ಆದರೆ ದಿನಕ್ಕೆ ಟನ್ನಿನ ಮೂರನೇ ಒಂದು ಭಾಗಕ್ಕೆ ಇಳಿಯಿತು. ಪಲ್ಪರ್‌ಗೆ ಹಾಕುವ ದುಡ್ಡನ್ನು ಕಣ ದೊಡ್ಡದು ಮಾಡಲು, ಒಣಗಿಸುವ ಮೇಜು ಮಾಡಲು ಅಥವಾ ಡ್ರೈಯರ್ ತರಲು ಹಾಕಿದರೆ ಮಾತ್ರ ಇಡೀ ಸಾಲು ವೇಗವಾಗುತ್ತದೆ.

ಪತ್ತೆ ಹಚ್ಚುವ ದಾರಿ ಹೀಗೆ. ಯಾವ ಹಂತದ ಮುಂದೆ ಸರಕು ರಾಶಿ ಬೀಳುತ್ತಿದೆ, ಅದರ ನಂತರದ ಹಂತ ಯಾವುದು ಕೆಲಸವಿಲ್ಲದೆ ಕೂತಿದೆ ನೋಡಿ. ಆ ಎರಡರ ನಡುವೆ ಇರುವುದೇ ನಿಮ್ಮನ್ನು ಕಟ್ಟಿಹಾಕಿರುವ ಮಿತಿ. ಅದನ್ನು ಸಡಿಲ ಮಾಡಿದ ಮೇಲೆ ಮಿತಿ ಬೇರೆ ಕಡೆ ಹೋಗುತ್ತದೆ. ಕಣ ದೊಡ್ಡದಾದರೆ ಆಗ ಪಲ್ಪರ್ ಸಾಲದೆ ಬರಬಹುದು, ಅಥವಾ ತೊಳೆಯುವ ನೀರು. ಹಾಗಾಗಿ ಒಂದು ಬಾರಿ ಹುಡುಕಿ ಬಿಟ್ಟರೆ ಮುಗಿಯಲಿಲ್ಲ.

ಹೂಮಳೆ (ಕಾಫಿ ಹೂ ಬಿಡಲು ಬೇಕಾದ ಮಳೆ) ಬಾರದಿದ್ದಾಗ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುತ್ತೇವೆ. ಅದನ್ನೂ ಹೀಗೇ ಲೆಕ್ಕ ಹಾಕಬಹುದಾ?

ಖಂಡಿತ, ಹಾಕಲೇಬೇಕು. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷ ಲೀಟರ್. 30 ಎಕರೆಗೆ ಒಂದೂವರೆ ಇಂಚು ಕೊಡಬೇಕಾದರೆ 45 ಲಕ್ಷ ಲೀಟರ್ ಮೇಲೆ ಬೇಕು. ಹೂ ಬಿಟ್ಟ ಮೇಲೆ ಮತ್ತೆ ಒಂದು ಸುತ್ತು ಕೊಡಬೇಕು. ನಿಮ್ಮ ಕೆರೆಯ ಉದ್ದ, ಅಗಲ, ಆಳ ಗುಣಿಸಿ ನೋಡಿ. ನೀರೇ ಅಷ್ಟಿಲ್ಲದಿದ್ದರೆ ಹೊಸ ಪಂಪಿನಿಂದ ಏನೂ ಆಗದು. ನೀರಿದ್ದು ದಿನಕ್ಕೆ ಒಂದೂವರೆ ಎಕರೆ ಮಾತ್ರ ಆಗುತ್ತಿದ್ದರೆ 30 ಎಕರೆಗೆ 20 ದಿನ. ಮೊದಲ ಪಟ್ಟಿ ಹೂವಾಗಿ ಎರಡನೇ ನೀರು ಕೇಳುವ ಹೊತ್ತಿಗೆ ಕೊನೆಯ ಪಟ್ಟಿಗೆ ಮೊದಲ ನೀರೇ ಮುಗಿದಿರುವುದಿಲ್ಲ. ಆಗ ಪಂಪು, ಪೈಪು, ಜೆಟ್ ಜಾಸ್ತಿ ಮಾಡಲು ಅರ್ಥವಿದೆ.

ಮಳೆಗಾಲಕ್ಕೆ ಮುಂಚೆ ಕಟ್ಟಡ ಮುಗಿಸಬೇಕು. ಪ್ಲಾನ್ ಎಲ್ಲಿಂದ ಶುರು ಮಾಡಲಿ?

ಕೊನೆಯಿಂದ. ಮೇ ಕೊನೆಗೆ ಮಾಡು (ಚಾವಣಿ) ಕೂತಿರಬೇಕು ಅಂತ ಮೊದಲು ಬರೆಯಿರಿ. ಅಲ್ಲಿಂದ ಹಿಂದಕ್ಕೆ ಬನ್ನಿ. ಸ್ಲ್ಯಾಬ್ ಇದ್ದರೆ ಅದು ಏಪ್ರಿಲ್ ಮಧ್ಯಕ್ಕೆ ಬೀಳಬೇಕು. ದೊಡ್ಡ ಅಂಕಣದ ಸ್ಲ್ಯಾಬಿಗೆ ಕೆಳಗಿನ ಆಸರೆ 14 ದಿನ ಇರಬೇಕು, ಈಗ ಸಿಗುವ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ನೀರು ಹೊಡೆಯಬೇಕು. ಹಾಗಾದರೆ ಗೋಡೆ ಮಾರ್ಚ್‌ಗೆ, ಪಾಯ ಜನವರಿಗೆ, ಮಣ್ಣಿನ ಕೆಲಸ ಡಿಸೆಂಬರ್‌ಗೆ ಬರುತ್ತದೆ.

ಈಗ ಕೊಯ್ಲು ನೋಡಿ. ಅರೇಬಿಕಾ ನವೆಂಬರ್‌ನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಮಳೆಯಿಲ್ಲದ ದಿನಗಳನ್ನು ತೋಟವೂ ಕೇಳುತ್ತದೆ, ಕಟ್ಟಡವೂ ಕೇಳುತ್ತದೆ. ಆಳು ಒಂದೇ ಕಡೆಯಿಂದ ಬರಬೇಕು. ನಡುವೆ ಪುತ್ತರಿ ಹಬ್ಬ ಬರುತ್ತದೆ. ಈ ಡಿಕ್ಕಿಯನ್ನು ಕಾಗದದ ಮೇಲೆ ನೋಡದೆ ಕೆಲಸ ಹಿಡಿದರೆ ಜನವರಿಯಲ್ಲಿ ಪಾಯದ ಗುಂಡಿ ಹಾಗೇ ಬಾಯಿ ತೆರೆದು ಕೂತಿರುತ್ತದೆ.

ನನ್ನ ಸಲಹೆ ಇಷ್ಟು. ಕಾಗದಪತ್ರ, ನಕ್ಷೆ, ಬ್ಯಾಂಕ್ ಕೆಲಸವನ್ನೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಸಿ. ಆ ತಿಂಗಳುಗಳಲ್ಲಿ ಮಣ್ಣು ಮುಟ್ಟಲಾಗದು, ಕಚೇರಿಗೆ ಹೋಗಬಹುದು. ಮರ, ಬಾಗಿಲು, ಕಿಟಕಿ ಕೆಲಸವನ್ನೂ ಮಳೆಗಾಲದಲ್ಲೇ ಶೆಡ್‌ನಲ್ಲಿ ಮಾಡಿಸಿ. ಒಣ ದಿನಗಳನ್ನು ಒಣ ದಿನವೇ ಬೇಕಾದ ಕೆಲಸಕ್ಕೆ ಮಾತ್ರ ಇಡಿ.

ಒಂದರ ಬಾಲ ಒಂದು ಹಿಡಿದು ಹೋಗುವ ಕೆಲಸಗಳ ಅತಿ ಉದ್ದದ ಸಾಲನ್ನು ಕ್ರಿಟಿಕಲ್ ಪಾಥ್ ಅನ್ನುತ್ತಾರೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಕಾರ್ಖಾನೆ ಕೆಲಸಗಳಿಗಾಗಿ ಬೆಳೆದ ವಿಧಾನ ಅದು. ಆ ಸಾಲಿನಲ್ಲಿ ಒಂದು ದಿನ ತಡವಾದರೆ ಇಡೀ ಕೆಲಸ ಒಂದು ದಿನ ತಡ. ಬಣ್ಣದ ಆಯ್ಕೆಗೆ ಜಗಳವಾಡಿ ನಾಲ್ಕು ದಿನ ಕಳೆದರೆ ಏನೂ ಆಗದಿರಬಹುದು. ತಡೆಗೋಡೆಗೆ ಕಲ್ಲು ನಾಲ್ಕು ದಿನ ತಡವಾದರೆ ಮಾಡಿಗೂ ನಾಲ್ಕು ದಿನ ತಡ.

ತಡವಾಗಿದೆ. ಇನ್ನೂ ಹತ್ತು ಜನ ಹಾಕಿದರೆ ಸರಿಹೋಗುವುದಿಲ್ವಾ?

ಮಣ್ಣು ಹೊರುವ ಕೆಲಸವಾದರೆ ಸರಿಹೋಗುತ್ತದೆ. ಕಾಂಕ್ರೀಟ್ ಗಟ್ಟಿಯಾಗುವುದನ್ನು ಜನ ಹಾಕಿ ಅವಸರ ಮಾಡಲಾಗದು. ಹೊಸಬರಿಗೆ ಕೆಲಸ ತೋರಿಸಲು ಇದ್ದ ಒಬ್ಬ ಒಳ್ಳೆಯ ಮೇಸ್ತ್ರಿಯನ್ನೇ ಎಳೆದರೆ ಇನ್ನೂ ತಡ.

ಕಂಟ್ರೋಲ್ ಸಿಸ್ಟಂನಲ್ಲಿ ಮಿತಿ ಅಂದರೆ ಯಾವುದು?

ಮೂರು ಜಾಗದಲ್ಲಿ ಹುಡುಕಿ. ನೀವು ಆಡಿಸುವ ವಸ್ತುವಿಗೆ ಮಿತಿಯಿದೆ. ವಾಲ್ವ್ ಪೂರ್ತಿ ತೆರೆದ ಮೇಲೆ ಇನ್ನೂ ತೆರೆಯಲಾಗದು. ಕಾಪಾಡಬೇಕಾದ ವಸ್ತುವಿಗೆ ಮಿತಿಯಿದೆ. ಬೀಜದ ಬಿಸಿ, ತೊಟ್ಟಿಯ ಮಟ್ಟ, ಪೈಪಿನ ಒತ್ತಡ ಇಂತಿಷ್ಟರೊಳಗೆ ಇರಬೇಕು. ಮೂರನೆಯದನ್ನು ಜನ ಮರೆಯುತ್ತಾರೆ, ಅದು ವೇಗದ ಮಿತಿ. ಎತ್ತರಕ್ಕೆ ಹೋಗುವ ಉದ್ದನೆಯ ಪೈಪಿನಲ್ಲಿ ವಾಲ್ವನ್ನು ಥಟ್ಟನೆ ಮುಚ್ಚಿದರೆ ಓಡುತ್ತಿದ್ದ ನೀರು ಒಮ್ಮೆಲೇ ನಿಂತು ಪೈಪಿಗೆ ಗುದ್ದುತ್ತದೆ, ಕೀಲು ಒಡೆಯುತ್ತದೆ. ಶುರುವಿನ ಸ್ಥಿತಿ ಸರಿಯಿತ್ತು, ಕೊನೆಯ ಸ್ಥಿತಿಯೂ ಸರಿಯಿತ್ತು, ಹೋದ ವೇಗ ಮಾತ್ರ ತಪ್ಪು.

ಹೆಚ್ಚು ಎಚ್‌ಪಿ ಪಂಪ್ ಹಾಕಿದರೂ ಹೊಳೆಯಿಂದ ನೀರು ಎತ್ತುತ್ತಿಲ್ಲ. ಮೋಟಾರ್ ಕೆಟ್ಟಿದೆಯಾ?

ಬಹುಶಃ ಇಲ್ಲ. ದಡದ ಮೇಲೆ ಕೂತ ಪಂಪು ನೀರನ್ನು ಎಳೆದುಕೊಳ್ಳುವುದಿಲ್ಲ. ಅದು ಪೈಪಿನೊಳಗೆ ಒತ್ತಡ ಕಡಿಮೆ ಮಾಡುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಆ ಗಾಳಿ ತಳ್ಳಬಹುದಾದ ಎತ್ತರ ಸುಮಾರು 10.3 ಮೀಟರ್. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ಹಾಗಾಗಿ ಆ 10.3 ಇಲ್ಲಿ ಸುಮಾರು 9 ಆಗುತ್ತದೆ. ಫುಟ್‌ವಾಲ್ವ್, ಬೆಂಡ್, ಪೈಪಿನ ಉಜ್ಜಾಟ ಎಲ್ಲ ಕಳೆದರೆ 5-6 ಮೀಟರ್ ಒಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ಮಂಗಳೂರಿನಲ್ಲಿ ಸರಿಯಾಗಿ ನಡೆದ ಅದೇ ಜೋಡಣೆ ಇಲ್ಲಿ ಪಂಪಿನೊಳಗೆ ಗರಗರ ಸದ್ದು ಮಾಡುವುದು ಇದಕ್ಕೇ. ಹಾಗೇ ಓಡಿಸಿದರೆ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ) ತಿಂದುಹೋಗುತ್ತದೆ.

ಎಚ್‌ಪಿ ಏರಿಸಿದರೆ ಈ ಮಿತಿ ಒಂದು ಅಂಗುಲವೂ ಕದಲುವುದಿಲ್ಲ. ಪಂಪನ್ನು ನೀರಿನ ಹತ್ತಿರಕ್ಕೆ ಇಳಿಸಿ, ಅಥವಾ ನೀರಿನೊಳಗೇ ಇರುವ ಸಬ್‌ಮರ್ಸಿಬಲ್ ಹಾಕಿ. ಮೇಲಕ್ಕೆ ದೂಡುವುದಕ್ಕೆ ಈ ಕಟ್ಟು ಇಲ್ಲ. ಅಲ್ಲಿ ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರ್‌ಗೆ ಸುಮಾರು ಒಂದು ಕೆಜಿ ಒತ್ತಡ ಬೇಕು ಅನ್ನುವುದು ಲೆಕ್ಕ. ಅದೇ ಪೈಪಿನಲ್ಲಿ ನೀರು ಎರಡರಷ್ಟು ಹರಿಸಲು ಹೋದರೆ ಉಜ್ಜಾಟದ ನಷ್ಟ ಹತ್ತಿರ ಹತ್ತಿರ ನಾಲ್ಕರಷ್ಟಾಗುತ್ತದೆ. ಆಗ ಪಂಪಿಗಿಂತ ಪೈಪು ದಪ್ಪ ಮಾಡುವುದು ಅಗ್ಗ.

ಡ್ರೈಯರ್ ಬೆಳಿಗ್ಗೆ ಬಿಸಿಯಾಗಲು ಒದ್ದಾಡುತ್ತದೆ, ಆಮೇಲೆ ಒಮ್ಮೆಲೇ ಮಿತಿ ಮೀರಿ ಬಿಸಿಯಾಗುತ್ತದೆ. ಸೆನ್ಸರ್ ಬದಲಿಸಿದರೂ ಹಾಗೇ. ಯಾಕೆ?

ಬಹಳ ಹುಡುಗರು ಇದರಲ್ಲಿ ಸಿಕ್ಕಿ ಒದ್ದಾಡುತ್ತಾರೆ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ಬಿಸಿಯನ್ನು ಗುರಿಯಲ್ಲಿ ಹಿಡಿದಿಡುವ ನಿಮ್ಮ ಪಿಐಡಿ ಕಂಟ್ರೋಲರ್‌ನಲ್ಲಿ ಮೂರು ಭಾಗ ಇದೆ. ಒಂದು ಈಗಿನ ಕೊರತೆ ನೋಡುತ್ತದೆ. ಇನ್ನೊಂದು ಬದಲಾಗುವ ವೇಗ ನೋಡುತ್ತದೆ. ನಡುವಿನ ಇಂಟಿಗ್ರಲ್ ಭಾಗ ಹಳೆಯ ಕೊರತೆಯನ್ನೆಲ್ಲ ಅಂಗಡಿಯ ಸಾಲದ ಪುಸ್ತಕದ ಹಾಗೆ ಕೂಡಿಸುತ್ತಾ ಹೋಗುತ್ತದೆ.

ಚಳಿ, ಮಂಜು, ಹಸಿ ಬೀಜ. ಕಂಟ್ರೋಲರ್ ಬರ್ನರ್‌ಗೆ 100 ಪರ್ಸೆಂಟ್ ಕೇಳುತ್ತದೆ. ಬರ್ನರ್ ಅಲ್ಲಿಗೆ ಮುಟ್ಟಿ ನಿಂತಿದೆ, ಇನ್ನು ಕೊಡಲು ಏನೂ ಇಲ್ಲ. ಆದರೆ ಕಂಟ್ರೋಲರ್‌ಗೆ ಅದು ಗೊತ್ತಿಲ್ಲ. ಬಾಕಿ ಬರೆಯುತ್ತಲೇ ಇರುತ್ತದೆ. ಒಳಗೆ ಲೆಕ್ಕ 150, 200, 300 ಅಂತ ಏರುತ್ತದೆ. ಬಿಸಿಲೇರಿ ಉಷ್ಣತೆ ಗುರಿ ಮುಟ್ಟಿದಾಗಲೂ ಆ ಬಾಕಿ ತೀರಬೇಕಲ್ಲ? ಅದು ಕರಗಿ 100ರ ಕೆಳಗೆ ಬರುವ ತನಕ ಬರ್ನರ್ ಪೂರ್ತಿ ಉರಿಯುತ್ತದೆ. ಪಾರ್ಚ್‌ಮೆಂಟ್ ಬೀಜದ ಬಿಸಿ 40 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕಾದದ್ದು ಅದನ್ನು ಎಷ್ಟೋ ದಾಟಿಬಿಡುತ್ತದೆ. ಕಪ್‌ನಲ್ಲಿ ರುಚಿ ಹೋಯಿತು.

ಇದಕ್ಕೆ ಇಂಟಿಗ್ರಲ್ ವೈಂಡಪ್ ಅನ್ನುತ್ತಾರೆ. ಪರಿಹಾರ ಕಂಟ್ರೋಲರ್‌ಗೆ ಮಿತಿ ತಿಳಿಸುವುದು. ಔಟ್‌ಪುಟ್ ಕನಿಷ್ಠ 0, ಗರಿಷ್ಠ 100 ಅಂತ ಸೆಟ್ ಮಾಡಿ, ಆಂಟಿ-ವೈಂಡಪ್ ಆನ್ ಮಾಡಿ. ಔಟ್‌ಪುಟ್ ತುದಿ ಮುಟ್ಟಿದ ಕೂಡಲೇ ಬಾಕಿ ಬರೆಯುವುದು ನಿಲ್ಲುತ್ತದೆ. ಪ್ರೋಗ್ರಾಂ ನೀವೇ ಬರೆದಿದ್ದರೆ ಈ ಒಂದು ಷರತ್ತು ನೀವೇ ಸೇರಿಸಬೇಕು. ಬರ್ನರ್‌ನ ನಿಜವಾದ ಗರಿಷ್ಠ 80 ಆಗಿದ್ದು ನೀವು 100 ಅಂತ ಬರೆದಿದ್ದರೆ ಕಾಯಿಲೆ ಅರ್ಧ ಮಾತ್ರ ವಾಸಿಯಾಗುತ್ತದೆ. ಮ್ಯಾನುಯಲ್‌ನಿಂದ ಆಟೋಗೆ ಹಾಕುವಾಗಲೂ ಇದೇ ಎಚ್ಚರ ಬೇಕು.

ತೊಟ್ಟಿಯ ಪಂಪು ನಿಮಿಷಕ್ಕೊಮ್ಮೆ ಆನ್-ಆಫ್ ಆಗುತ್ತಿದೆ.

ಆನ್ ಮಟ್ಟ, ಆಫ್ ಮಟ್ಟ ತೀರಾ ಹತ್ತಿರ ಇವೆ. ನಡುವೆ ಅಂತರ ಹೆಚ್ಚಿಸಿ. ಪ್ರತಿ ಸಲ ಶುರುವಾಗುವಾಗ ಮೋಟಾರ್ ಹಲವು ಪಟ್ಟು ಕರೆಂಟ್ ಎಳೆದು ಬಿಸಿಯಾಗುತ್ತದೆ. ಗಂಟೆಗೆ ಎಷ್ಟು ಸಲ ಶುರು ಮಾಡಬಹುದು ಅಂತ ತಯಾರಕರು ಕೊಟ್ಟಿರುತ್ತಾರೆ, ನೋಡಿ.

ಹೂಮಳೆ ಸಮಯದಲ್ಲಿ ಎಲ್ಲರ ಪಂಪೂ ಓಡುತ್ತದೆ, ವೋಲ್ಟೇಜ್ ಬೀಳುತ್ತದೆ, ಮೋಟಾರ್ ಕಾಯುವ ಓವರ್‌ಲೋಡ್ ರಿಲೇ ಟ್ರಿಪ್ ಆಗುತ್ತದೆ. ಸೆಟ್ಟಿಂಗ್ ಸ್ವಲ್ಪ ಏರಿಸಲಾ?

ದಯವಿಟ್ಟು ಬೇಡ. ವೋಲ್ಟೇಜ್ 80 ಪರ್ಸೆಂಟ್‌ಗೆ ಇಳಿದರೆ ಮೋಟಾರ್ ಶುರುವಾಗುವ ತಿರುಗುಬಲ ಸುಮಾರು 64 ಪರ್ಸೆಂಟ್‌ಗೆ ಇಳಿಯುತ್ತದೆ. ಓಡುತ್ತಿರುವ ಮೋಟಾರ್ ಅದೇ ಹೊರೆ ಎಳೆಯಲು ಕರೆಂಟ್ ಜಾಸ್ತಿ ತೆಗೆದುಕೊಳ್ಳುತ್ತದೆ. ರಿಲೇ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. ಅದರ ಬಾಯಿ ಮುಚ್ಚಿಸಿದರೆ ವೈಂಡಿಂಗ್ ಸುಡುತ್ತದೆ, ಅದೂ ಹೂವಿಗೆ ನೀರು ಬೇಕಾದ ವಾರದಲ್ಲೇ. ಪಕ್ಕದ ತೋಟದವರ ಜೊತೆ ಕೂತು ಗಂಟೆಗಳನ್ನು ಹಂಚಿಕೊಳ್ಳಿ. ಕಷ್ಟವೇ, ಆದರೆ ಇದು ಎಲ್ಲರಿಗೂ ಸೇರಿದ ಮಿತಿ. ಒಬ್ಬರೇ ಬಗೆಹರಿಸಲಾಗದು.

ಇನ್ನೊಂದು ಮಾತು. ಓವರ್‌ಲೋಡ್ ರಿಲೇ, ಸೇಫ್ಟಿ ವಾಲ್ವ್, ಡ್ರೈಯರ್‌ನ ಹೈ-ಟೆಂಪರೇಚರ್ ಕಟಾಫ್ ಇವು ಪಿಎಲ್‌ಸಿಯ (ಪ್ರೋಗ್ರಾಂ ಓಡಿಸುವ ಕಂಟ್ರೋಲರ್‌ನ) ಹೊರಗೆ, ತಮ್ಮದೇ ತಂತಿಯಲ್ಲಿ ಇರಬೇಕು. ಪ್ರೋಗ್ರಾಂ ತಪ್ಪಿದಾಗಲೂ, ಸೆನ್ಸರ್ ಸತ್ತಾಗಲೂ ಇವು ಕೆಲಸ ಮಾಡಬೇಕು.

ಅಣೆಕಟ್ಟು ತುಂಬುವ ಮೊದಲೇ ಗೇಟ್ ಯಾಕೆ ತೆರೆಯುತ್ತಾರೆ? ನೀರು ಪೋಲಲ್ವಾ?

ನಮ್ಮ ಹಾರಂಗಿ ಅಣೆಕಟ್ಟಿನ ಗರಿಷ್ಠ ಮಟ್ಟ 2,859 ಅಡಿ, ಹಿಡಿಯುವುದು ಸುಮಾರು 8.5 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಒಂದು ದಿನವಿಡೀ ಸುಮಾರು 11,574 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಹರಿದರೆ 1 ಟಿಎಂಸಿ. ಅಂದರೆ 1 ಟಿಎಂಸಿ ಜಾಗ ಖಾಲಿ ಇದೆ ಅಂತ ನಿಶ್ಚಿಂತೆಯಿಂದ ಕೂತರೆ, ಜೋರು ಮಳೆಯ ಒಳಹರಿವು ಅದನ್ನು ಒಂದೇ ದಿನದಲ್ಲಿ ತುಂಬಿಸಬಲ್ಲದು. ಮೇಲೆ ಕಠಿಣ ಮಿತಿ ಇದೆ, ಅಣೆಕಟ್ಟಿನ ಮಟ್ಟ. ಕೆಳಗೂ ಮಿತಿ ಇದೆ. ಹಾರಂಗಿ ಕೂಡಿಗೆ ಹತ್ತಿರ ಕಾವೇರಿಗೆ ಸೇರುತ್ತದೆ, ನದಿ ದಡದಲ್ಲಿ ಜನ ಇದ್ದಾರೆ. ತುಂಬಿದ ಮೇಲೆ ಒಮ್ಮೆಲೇ ಬಿಟ್ಟರೆ ಅವರಿಗೆ ಅಪಾಯ. ಹಾಗಾಗಿ ಮೊದಲೇ, ಸ್ವಲ್ಪ ಸ್ವಲ್ಪವಾಗಿ ಬಿಡುವುದೇ ಸರಿಯಾದ ದಾರಿ. ಜಾಸ್ತಿ ಬೇಗ ಬಿಟ್ಟು ಆಮೇಲೆ ಮಳೆ ಕೈಕೊಟ್ಟರೆ ಬೇಸಿಗೆಯಲ್ಲಿ ಕಾಲುವೆಗೆ ನೀರಿಲ್ಲ. ಈ ಎರಡರ ನಡುವೆ ದಿನವೂ ತೀರ್ಮಾನ ಮಾಡುವವರ ಬಗ್ಗೆ ನನಗೆ ಗೌರವ ಇದೆ.

ಇದೇ ಯೋಚನೆಯನ್ನು ಗಣಿತವಾಗಿ ಮಾಡುವ ವಿಧಾನಕ್ಕೆ ಮಾಡೆಲ್ ಪ್ರೆಡಿಕ್ಟಿವ್ ಕಂಟ್ರೋಲ್ ಎಂದು ಹೆಸರು. 1970ರ ದಶಕದಲ್ಲಿ ತೈಲ ಸಂಸ್ಕರಣಾಗಾರಗಳಲ್ಲಿ ಅದು ಬೇರು ಬಿಟ್ಟಿತು. ಮುಂದಿನ ಕೆಲವು ಗಂಟೆ ಏನಾಗಬಹುದು ಅಂತ ಲೆಕ್ಕ ಹಾಕುತ್ತದೆ. ಮಿತಿಗಳೆಲ್ಲ ಆ ಲೆಕ್ಕದೊಳಗೇ ಇರುತ್ತವೆ. ಮೊದಲ ಹೆಜ್ಜೆ ಮಾತ್ರ ಇಟ್ಟು, ಮತ್ತೆ ಅಳೆದು, ಮತ್ತೆ ಲೆಕ್ಕ ಹಾಕುತ್ತದೆ. ಒಂದು ತೋಟದ ಡ್ರೈಯರ್‌ಗೆ ಇದು ಬೇಕಾಗಿಲ್ಲ. ಚೆನ್ನಾಗಿ ಹೊಂದಿಸಿದ ಪಿಐಡಿ ಸಾಕು. ಆದರೆ ಆ ಕ್ರಮ ಪ್ರಾಜೆಕ್ಟ್‌ಗೆ ಹಾಗೇ ಹೊಂದುತ್ತದೆ. ಮೇ ತನಕ ಪ್ಲಾನ್ ಮಾಡಿ, ಈ ವಾರದ ಕೆಲಸ ಮಾತ್ರ ಗಟ್ಟಿ ಮಾಡಿ, ಮುಂದಿನ ಸೋಮವಾರ ಮತ್ತೆ ನೋಡಿ.

ಮಿತಿಗೆ ಎಷ್ಟು ಹತ್ತಿರ ಹೋಗಬಹುದು?

ನಿಮಗೆ ಗೊತ್ತಿಲ್ಲದ್ದು ಎಷ್ಟಿದೆ ಅನ್ನುವುದರ ಮೇಲೆ ಹೋಗುತ್ತದೆ. ಸೆನ್ಸರ್ 2 ಡಿಗ್ರಿ ಹೆಚ್ಚುಕಮ್ಮಿ ತೋರಿಸಬಹುದಾದರೆ 40ರ ಮಿತಿಗೆ 40 ಅಂತಲೇ ಗುರಿ ಇಡುವಂತಿಲ್ಲ. 37-38 ಇಡಿ. ಬೆಟ್ಟದ ವಿಷಯದಲ್ಲಂತೂ ಅಂತರ ಧಾರಾಳವಾಗಿ ಬಿಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಬೆಟ್ಟ ಕುಸಿದು ಮನೆಗಳು, ರಸ್ತೆಗಳು ಕೊಚ್ಚಿಹೋದದ್ದು ನಮಗೆಲ್ಲ ಗೊತ್ತಿದೆ. ಕಳೆದ ವರ್ಷ ಈ ಬರೆ ನಿಂತಿತ್ತು, ಈ ವರ್ಷವೂ ನಿಲ್ಲುತ್ತದೆ ಅನ್ನುವುದು ಲೆಕ್ಕವಲ್ಲ. ಬರೆ ಕತ್ತರಿಸುವ ಮೊದಲು ನೀರು ಹೋಗುವ ದಾರಿ ಮಾಡಿ, ತಿಳಿದವರಿಂದ ಜಾಗ ನೋಡಿಸಿ. ಈ ಒಂದು ಖರ್ಚಿನಲ್ಲಿ ಚೌಕಾಸಿ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಇದನ್ನೆಲ್ಲ ಬರೆದಿಡುವುದು ಎಲ್ಲಿ, ಹೇಗೆ?

ಒಂದು ಹಾಳೆ ಸಾಕು. ಮಿತಿ ಏನು, ಎಷ್ಟು, ಕಠಿಣವೋ ಸಡಿಲವೋ, ಬದಲಿಸುವ ಅಧಿಕಾರ ಯಾರಿಗೆ, ಮತ್ತೆ ಯಾವಾಗ ನೋಡಬೇಕು. ಕಟ್ಟಡದ್ದಾದರೆ ವಾರಕ್ಕೊಮ್ಮೆ ಮೇಸ್ತ್ರಿಯ ಜೊತೆ ಓದಿ. ಯಂತ್ರದ್ದಾದರೆ ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿ, ಸೆಟ್ಟಿಂಗ್ ಬದಲಿಸಿದವರು ತಾರೀಕು ಹಾಕಿ ಸಹಿ ಮಾಡಲಿ. ರಾತ್ರಿ ಡ್ರೈಯರ್ ನೋಡಿಕೊಳ್ಳುವವರು ರೈಟರ್ (ತೋಟದ ಗುಮಾಸ್ತ) ಅಲ್ಲ, ಲೈನ್ ಮನೆಯಿಂದ (ಕಾರ್ಮಿಕರ ಸಾಲುಮನೆಯಿಂದ) ಬಂದ ಕೆಲಸದವರು. ಅಸ್ಸಾಂ ಕಡೆಯವರಾದರೆ ಕನ್ನಡದ ಜೊತೆಗೆ ಹಿಂದಿಯಲ್ಲೂ ಬರೆಯಿಸಿ. ಯಾವ ಅಂಕಿ ಕಂಡರೆ ಬರ್ನರ್ ಆರಿಸಬೇಕು, ಯಾರಿಗೆ ಫೋನ್ ಮಾಡಬೇಕು ಅನ್ನುವ ಎರಡು ಸಾಲು ದೊಡ್ಡ ಅಕ್ಷರದಲ್ಲಿ ಮೇಲೆಯೇ ಇರಲಿ.